ನಲವತ್ತರ ನಂತರ ಸಿಎಂಎ: ಕೆಲಸ ಬಿಡದೆ ಇಂಟರ್ ಪರೀಕ್ಷೆಗೆ ತಯಾರಾಗುವ ಬಗೆ

ಹದಿನೈದಿಪ್ಪತ್ತು ವರ್ಷ ಅಕೌಂಟ್ಸ್ ವಿಭಾಗದಲ್ಲಿ ದುಡಿದವರಿಗೆ ಒಂದಲ್ಲ ಒಂದು ದಿನ ಈ ಯೋಚನೆ ಬಂದೇ ಬರುತ್ತದೆ: ಕೆಲಸವೆಲ್ಲ ನಾವೇ ಮಾಡುತ್ತೇವೆ, ಸಹಿ ಮಾತ್ರ ಬೇರೆಯವರದು. ಆಗ ಸಿಎ ಮಾಡೋಣವೇ, ಸಿಎಂಎ (ವೆಚ್ಚದ ಲೆಕ್ಕಕ್ಕೆ ಸಂಬಂಧಿಸಿದ ವೃತ್ತಿ ಪರೀಕ್ಷೆ) ಮಾಡೋಣವೇ ಎಂಬ ವಿಚಾರ ಶುರುವಾಗುತ್ತದೆ. ಈ ವಯಸ್ಸಿನಲ್ಲಿ ಓದಿದ್ದು ತಲೆಗೆ ಹತ್ತುತ್ತದೆಯೇ ಎಂಬ ಅಳುಕೂ ಜೊತೆಗಿರುತ್ತದೆ. ಆದರೆ ದೊಡ್ಡ ವಯಸ್ಸಿನವರು ಈ ಪರೀಕ್ಷೆಗಳಲ್ಲಿ ಎಡವುವುದು ನೆನಪಿನ ಶಕ್ತಿ ಸಾಲದೆ ಅಲ್ಲ. ಮೂರು ಗಂಟೆ ಬಿಡದೆ ಬರೆಯಲು ಕೈ ಒಗ್ಗಿರುವುದಿಲ್ಲ, ಮತ್ತೆ ಆಫೀಸಿನ ಅನುಭವವನ್ನೇ ಉತ್ತರ ಎಂದು ಬರೆದು ಬರುತ್ತಾರೆ. ಎರಡಕ್ಕೂ ಮದ್ದಿದೆ. ಅದಕ್ಕೂ ಮೊದಲು ಯಾವ ಪರೀಕ್ಷೆ ಎಂದು ಗಟ್ಟಿ ಮಾಡಿಕೊಳ್ಳಬೇಕು.

ಸಿಎ ಏಕಲ್ಲ, ಸಿಎಂಎ ಏಕೆ

ಸಿಎ ಇಂಟರ್‌ಗೆ, ಅಂದರೆ ನಡುವಿನ ಹಂತಕ್ಕೆ, ಪದವೀಧರರು ಮೊದಲ ಹಂತವಾದ ಫೌಂಡೇಶನ್ ಇಲ್ಲದೆ ನೇರವಾಗಿ ಸೇರಬಹುದು. ಕಾಮರ್ಸ್ ಓದಿದವರಿಗೆ ಪದವಿಯಲ್ಲಿ ಶೇ. 55, ಉಳಿದವರಿಗೆ ಶೇ. 60 ಅಂಕ ಬೇಕು. ಇಪ್ಪತ್ತು ವರ್ಷದ ಹಿಂದೆ ಬಿ.ಕಾಂ.ನಲ್ಲಿ ಶೇ. 52 ತೆಗೆದವರಿಗೆ ಈ ಬಾಗಿಲು ಅಲ್ಲೇ ಮುಚ್ಚಿತು. ಅಂಕ ಇದ್ದರೂ ಆಚೆಗೆ ಇನ್ನೊಂದು ಗೋಡೆ ಇದೆ. 2023ರ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ (ಸಿಎ ಕೈಕೆಳಗಿನ ಕಡ್ಡಾಯ ತರಬೇತಿ) ಎರಡು ವರ್ಷಕ್ಕೆ ಇಳಿದಿದೆ ನಿಜ, ಆದರೆ ಅದು ಪೂರ್ಣಾವಧಿಯದು. ಮನೆ ಸಾಲದ ಕಂತು, ಮಕ್ಕಳ ಕಾಲೇಜು ಫೀಸು ಇರುವವರು ಸಂಬಳ ಬಿಟ್ಟು ಸ್ಟೈಪೆಂಡಿಗೆ ಹೋಗಿ ಕೂರುವುದು ಹೆಚ್ಚಿನ ಮನೆಗಳಲ್ಲಿ ಆಗದ ಮಾತು.

ಸಿಎಂಎ, ಅಂದರೆ ಹಿರಿಯರು ಇಂದಿಗೂ ಐಸಿಡಬ್ಲ್ಯೂಎ ಎಂದೇ ಕರೆಯುವ ಕಾಸ್ಟ್ ಅಕೌಂಟೆನ್ಸಿ, ಈ ಎರಡೂ ಕಡೆ ಸಡಿಲ. ಲಲಿತಕಲೆ ಬಿಟ್ಟು ಬೇರೆ ಯಾವ ಪದವಿಯಾದರೂ ನೇರ ಇಂಟರ್‌ಗೆ ಪ್ರವೇಶ ಸಿಗುತ್ತದೆ. ಶೇಕಡಾವಾರಿನ ಷರತ್ತಿಲ್ಲ, ವಯಸ್ಸಿನ ಮಿತಿಯೂ ಇಲ್ಲ. 15 ತಿಂಗಳ ಪ್ರಾಯೋಗಿಕ ತರಬೇತಿ ಇದೆಯಾದರೂ, ಈಗ ಮಾಡುತ್ತಿರುವ ಕೆಲಸ ಪರೀಕ್ಷೆ ನಡೆಸುವ ಸಂಸ್ಥೆ (ಐಸಿಎಂಎಐ) ಒಪ್ಪುವ ಕ್ಷೇತ್ರಗಳಲ್ಲಿ ಬಂದರೆ ಆ ಅನುಭವವನ್ನೇ ತೋರಿಸಿ ಅರ್ಜಿ ಹಾಕಬಹುದು. ಕೆಲಸ ಬಿಡಲಾರದವರಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಬ್ಯಾಂಕ್ ನೌಕರರಾದರೆ ಮೊದಲು ಬ್ಯಾಂಕಿಂಗ್ ವೃತ್ತಿ ಪರೀಕ್ಷೆಗಳಾದ ಜೆಎಐಐಬಿ, ಸಿಎಐಐಬಿ ಮುಗಿಸಿಕೊಳ್ಳಿ. ಅವು ಕಂಪ್ಯೂಟರ್ ಮುಂದೆ ಕೂತು ಸರಿ ಉತ್ತರ ಆರಿಸುವ ಪರೀಕ್ಷೆಗಳು. ಬರವಣಿಗೆಯ ಕಾಟವಿಲ್ಲ, ಬ್ಯಾಂಕಿನೊಳಗೆ ಅದಕ್ಕೆ ಬೆಲೆಯೂ ಇದೆ.

ಸಿಎಂಎಗೆ ಕೆಲಸದ ಜಗತ್ತಿನಲ್ಲಿ ಎಲ್ಲಿ ಬೆಲೆ ಎಂಬುದನ್ನೂ ನೇರವಾಗಿ ಹೇಳಬೇಕು. 2013ರ ಕಂಪನಿ ಕಾಯ್ದೆಯ 148ನೇ ಸೆಕ್ಷನ್ ಪ್ರಕಾರ ನಿಗದಿತ ಉದ್ಯಮಗಳ ಕಂಪನಿಗಳು ವೆಚ್ಚದ ದಾಖಲೆ ಇಡಬೇಕು, ವಹಿವಾಟು ಮಿತಿ ದಾಟಿದರೆ ಕಾಸ್ಟ್ ಆಡಿಟ್ ಮಾಡಿಸಬೇಕು. ಸಕ್ಕರೆ, ವಿದ್ಯುತ್, ಗೊಬ್ಬರ, ಔಷಧ, ಸಿಮೆಂಟ್, ಉಕ್ಕು ಎಲ್ಲವೂ ಆ ಪಟ್ಟಿಯಲ್ಲಿವೆ. ಬೆಳಗಾವಿ, ಬಾಗಲಕೋಟೆಯ ಸಕ್ಕರೆ, ಕಲಬುರಗಿಯ ಸಿಮೆಂಟ್, ಬಳ್ಳಾರಿಯ ಉಕ್ಕು ಎಂದು ಎಣಿಸುತ್ತ ಹೋದರೆ ಕರ್ನಾಟಕದಲ್ಲಿ ಈ ಪದವಿಗೆ ಕೆಲಸ ಎಲ್ಲಿದೆ ಎಂಬುದು ತಿಳಿಯುತ್ತದೆ. (ಕಾರ್ಖಾನೆ ಕಂಪನಿಯಾಗಿರದೆ ಸಹಕಾರಿ ಸಂಘವಾಗಿದ್ದರೆ ಈ ಸೆಕ್ಷನ್ ನೇರವಾಗಿ ಅನ್ವಯಿಸುವುದಿಲ್ಲ, ಎಷ್ಟೋ ಜನ ಇದನ್ನು ಗಮನಿಸುವುದಿಲ್ಲ.) ಆದರೆ ನಲವತ್ತೈದರಲ್ಲಿ ಪಾಸಾದವರಿಗೆ ಕ್ಯಾಂಪಸ್ ಸಂದರ್ಶನದಲ್ಲಿ ಹುಡುಗರ ಜೊತೆ ಸಾಲು ನಿಂತು ಕೆಲಸ ಸಿಗುತ್ತದೆ ಎಂದು ನಂಬಬೇಡಿ. ಈಗಿರುವ ಕಂಪನಿಯಲ್ಲೇ ಮೇಲಿನ ಹುದ್ದೆ, ಅದೇ ಉದ್ಯಮದ ಇನ್ನೊಂದು ಕಾರ್ಖಾನೆಯಲ್ಲಿ ಕಾಸ್ಟ್ ವಿಭಾಗದ ಜವಾಬ್ದಾರಿ, ಅಥವಾ ನೌಕರಿ ಬಿಟ್ಟ ಮೇಲೆ ಸ್ವಂತ ಪ್ರಾಕ್ಟೀಸ್: ಈ ಮೂರು ದಾರಿಯಲ್ಲಿ ಯಾವುದು ನಿಮ್ಮದು ಎಂದು ಮೊದಲೇ ತೀರ್ಮಾನಿಸಿಕೊಳ್ಳಿ.

ಅರ್ಜಿಗೆ ಮೊದಲು ಹಳೆಯ ಟ್ರಂಕು ತೆಗೆಯಿರಿ

ಹೊಸದಾಗಿ ಕಾಲೇಜು ಮುಗಿಸಿದವರಿಗೆ ಇದು ಹತ್ತು ನಿಮಿಷದ ಕೆಲಸ. ನಿಮಗೆ ಒಂದು ತಿಂಗಳು ಹಿಡಿಯಬಹುದು.

ಜನ್ಮದಿನಾಂಕಕ್ಕೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಪದವಿಗೆ ಅಂಕಪಟ್ಟಿ ಮತ್ತು ಪದವಿ ಪ್ರಮಾಣಪತ್ರ, ಗುರುತಿಗೆ ಆಧಾರ್, ಜೊತೆಗೆ ಫೋಟೊ ಮತ್ತು ಸಹಿ. ತೊಂದರೆ ಹುಟ್ಟುವುದು ಎರಡು ಕಡೆ. ಮೊದಲನೆಯದು ಕಾನ್ವೊಕೇಶನ್ ಸರ್ಟಿಫಿಕೇಟ್. ಎಷ್ಟೋ ಮಂದಿ ಆಗ ಪ್ರೊವಿಜನಲ್ ಪಡೆದು ಕೆಲಸಕ್ಕೆ ಸೇರಿದವರು ಮತ್ತೆ ವಿಶ್ವವಿದ್ಯಾಲಯದ ಕಡೆ ತಿರುಗಿಯೂ ನೋಡಿರುವುದಿಲ್ಲ. ಅದನ್ನು ಈಗಲೇ ತರಿಸಿಕೊಳ್ಳಲು ಅರ್ಜಿ ಹಾಕಿ.

ಎರಡನೆಯದು ಹೆಸರು. ನಮ್ಮಲ್ಲಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಶಿಯಲ್ ಮುಂದೆ ಇರುತ್ತದೆ, ಆಧಾರ್‌ನಲ್ಲಿ ಅದೇ ಹಿಗ್ಗಿ ತಂದೆಯ ಹೆಸರೋ ಊರ ಹೆಸರೋ ಆಗಿ ಹಿಂದೆ ಕೂತಿರುತ್ತದೆ. ಮದುವೆಯ ನಂತರ ಹೆಸರು ಬದಲಾದ ಹೆಣ್ಣುಮಕ್ಕಳ ಕಾಗದಪತ್ರದಲ್ಲಿ ಮೂರು ಬಗೆಯ ಹೆಸರು ಇರುವುದೂ ಉಂಟು. ನೋಂದಣಿಯಲ್ಲಿ ಎಸ್ಸೆಸ್ಸೆಲ್ಸಿಯ ಹೆಸರನ್ನೇ ಅಕ್ಷರ ತಪ್ಪದೆ ಬರೆಯುವುದು ಕ್ಷೇಮ. ಆಧಾರ್ ಬೇರೆ ಇದ್ದರೆ ಮೊದಲು ಅದನ್ನು ತಿದ್ದಿಸಿ. ಇಲ್ಲದಿದ್ದರೆ ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಪ್ರವೇಶಪತ್ರಕ್ಕೂ ಗುರುತಿನ ಚೀಟಿಗೂ ತಾಳೆಯಾಗದೆ ನಿಲ್ಲಬೇಕಾಗುತ್ತದೆ.

ಸರ್ಕಾರಿ ನೌಕರರು ಇಲಾಖೆಯ ಅನುಮತಿ ಪತ್ರ ಪಡೆದು ಸೇವಾ ಪುಸ್ತಕದ ಜೊತೆ ಇರಿಸಿಕೊಳ್ಳಿ.

ನೋಂದಣಿ ಆನ್‌ಲೈನ್. ಸಂಸ್ಥೆಯ ಬೆಂಗಳೂರಿನ ಚಾಪ್ಟರ್ (ಸ್ಥಳೀಯ ಶಾಖೆ) ಬಸವನಗುಡಿಯಲ್ಲಿದೆ, ಮೈಸೂರು, ಮಂಗಳೂರಿನಲ್ಲೂ ಚಾಪ್ಟರ್‌ಗಳಿವೆ. ದಾಖಲೆಯಲ್ಲಿ ಗೊಂದಲ ಇರುವವರು ಒಮ್ಮೆ ಖುದ್ದಾಗಿ ಹೋಗಿ ತೋರಿಸುವುದು ಒಳ್ಳೆಯದು. ಇಮೇಲ್‌ನಲ್ಲಿ ವಾರಗಟ್ಟಲೆ ಎಳೆದಾಡುವ ವಿಷಯ ಕೌಂಟರಿನಲ್ಲಿ ಬೇಗ ಮುಗಿಯುತ್ತದೆ.

ಜೂನ್ ಬೇಕೋ, ಡಿಸೆಂಬರ್ ಬೇಕೋ

ಪರೀಕ್ಷೆ ವರ್ಷಕ್ಕೆ ಎರಡು ಸಲ. ಜೂನ್‌ಗೆ ಕೂರಬೇಕಾದರೆ ಜನವರಿ 31ರೊಳಗೆ, ಡಿಸೆಂಬರ್‌ಗೆ ಕೂರಬೇಕಾದರೆ ಜುಲೈ 31ರೊಳಗೆ ನೋಂದಣಿ ಆಗಿರಬೇಕು. ಈ ಕೊನೆಯ ದಿನಗಳನ್ನೇ ಓದು ಶುರು ಮಾಡುವ ದಿನ ಎಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಜನವರಿ 31ರಿಂದ ಪರೀಕ್ಷೆಗೆ ಉಳಿಯುವುದು 19 ವಾರ ಮಾತ್ರ. ಕೆಲಸದ ಜೊತೆ ಒಂದು ಗ್ರೂಪ್, ಅಂದರೆ ಇಂಟರ್‌ನ ಎಂಟರಲ್ಲಿ ನಾಲ್ಕು ಪೇಪರ್, ಓದಲು 28 ವಾರ ಬೇಕು (ಆ ಲೆಕ್ಕ ಮುಂದೆ ಬರುತ್ತದೆ). ಹಾಗಾಗಿ ಜೂನ್ ಪರೀಕ್ಷೆಗೆ ನವೆಂಬರ್ ಕೊನೆಯ ವಾರ, ಡಿಸೆಂಬರ್ ಪರೀಕ್ಷೆಗೆ ಮೇ ಕೊನೆಯ ವಾರ ಪುಸ್ತಕ ತೆರೆದಿರಬೇಕು. ಸಂಸ್ಥೆಯ ಪಠ್ಯಗಳು ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುವುದರಿಂದ ನೋಂದಣಿಗೆ ಕಾಯಬೇಕಾಗಿಲ್ಲ.

ಯಾವ ಅಟೆಂಪ್ಟ್ ಎಂಬುದನ್ನು ನಿಮ್ಮ ಆಫೀಸಿನ ಕ್ಯಾಲೆಂಡರ್ ಹೇಳುತ್ತದೆ. ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಜುಲೈಯಿಂದ ಅಕ್ಟೋಬರ್ ಕೊನೆಯವರೆಗೆ ಉಸಿರಾಡಲು ಪುರಸೊತ್ತಿಲ್ಲ. ಅವರಿಗೆ ಡಿಸೆಂಬರ್ ಆಗದು, ಜೂನ್ ಹೊಂದುತ್ತದೆ. ಕಂಪನಿಯ ಒಳಗೆ ಲೆಕ್ಕ ನೋಡುವವರಿಗೆ ಮಾರ್ಚ್ ಕ್ಲೋಸಿಂಗ್ ಮತ್ತು ಏಪ್ರಿಲ್–ಮೇ ಆಡಿಟ್ ಜೂನ್ ಪರೀಕ್ಷೆಯ ಕತ್ತು ಹಿಸುಕುತ್ತವೆ, ಡಿಸೆಂಬರ್ ವಾಸಿ. ಸಕ್ಕರೆ ಕಾರ್ಖಾನೆಯವರದು ಬೇರೆಯೇ ಲೆಕ್ಕ: ಕಬ್ಬು ಅರೆಯುವುದು ನಿಂತ ಮೇಲಿನ ಬಿಡುವಿನ ತಿಂಗಳುಗಳು ಓದಿಗೆ ಒಳ್ಳೆಯವು, ಆದರೆ ಡಿಸೆಂಬರ್ ಪರೀಕ್ಷೆ ಬರುವುದು ಹಂಗಾಮಿನ ನಡುವೆ. ರಜೆಯನ್ನು ಆಗಸ್ಟಿನಲ್ಲೇ ಬರೆದುಕೊಟ್ಟು ಒಪ್ಪಿಗೆ ಪಡೆಯಿರಿ.

ಇನ್ನೊಂದು ಮಾತು. ನೋಂದಣಿಯೇ ಬೇರೆ, ಪರೀಕ್ಷೆಯ ಅರ್ಜಿಯೇ ಬೇರೆ. ದೊಡ್ಡ ಮೊತ್ತ ಕಟ್ಟಿ ನೋಂದಣಿಯಾದ ಮೇಲೆ ಎಲ್ಲ ಮುಗಿಯಿತು ಎಂದು ಕೂತು, ಪರೀಕ್ಷೆಯ ಅರ್ಜಿಯ ದಿನಾಂಕ ತಪ್ಪಿಸಿಕೊಂಡು ಆರು ತಿಂಗಳು ಕಳೆದುಕೊಳ್ಳುವವರು ಪ್ರತಿ ಸಲ ಇದ್ದೇ ಇರುತ್ತಾರೆ. ಕೋಚಿಂಗ್ ಪೂರ್ಣಗೊಳಿಸಿದ ದಾಖಲೆ ಮತ್ತು ಕಡ್ಡಾಯ ಕೌಶಲ ತರಬೇತಿಯ ಸ್ಥಿತಿಯನ್ನೂ ಅರ್ಜಿಗೆ ಒಂದು ತಿಂಗಳು ಮುಂಚೆ ಲಾಗಿನ್ ಮಾಡಿ ನೋಡಿಕೊಳ್ಳಿ.

ಒಂದು ಗ್ರೂಪೋ, ಎರಡೋ

2022ರ ಪಠ್ಯಕ್ರಮದಲ್ಲಿ ಇಂಟರ್‌ಗೆ ಎಂಟು ಪೇಪರ್. ಮೊದಲ ಗ್ರೂಪಿನಲ್ಲಿ ವ್ಯವಹಾರ ಕಾನೂನು ಮತ್ತು ನೀತಿ, ಫೈನಾನ್ಷಿಯಲ್ ಅಕೌಂಟಿಂಗ್, ನೇರ ಮತ್ತು ಪರೋಕ್ಷ ತೆರಿಗೆ, ಕಾಸ್ಟ್ ಅಕೌಂಟಿಂಗ್. ಎರಡನೆಯದರಲ್ಲಿ ಆಪರೇಷನ್ಸ್ ಮತ್ತು ಸ್ಟ್ರಾಟೆಜಿಕ್ ಮ್ಯಾನೇಜ್‌ಮೆಂಟ್, ಕಾರ್ಪೊರೇಟ್ ಅಕೌಂಟಿಂಗ್ ಮತ್ತು ಆಡಿಟಿಂಗ್, ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್ ಮತ್ತು ಡೇಟಾ ಅನಲಿಟಿಕ್ಸ್, ಮ್ಯಾನೇಜ್‌ಮೆಂಟ್ ಅಕೌಂಟಿಂಗ್. ಪ್ರತಿ ಪೇಪರಿನಲ್ಲಿ 40, ಗ್ರೂಪಿನ ಒಟ್ಟಿನಲ್ಲಿ ಶೇ. 50 ಬಂದರೆ ಪಾಸು.

ಎರಡೂ ಗ್ರೂಪ್ ಒಟ್ಟಿಗೆ ಬರೆದರೆ ಒಂದರ ಹೆಚ್ಚುವರಿ ಅಂಕ ಇನ್ನೊಂದರ ಕೊರತೆ ತುಂಬುತ್ತದೆ ಎಂದು ಕೋಚಿಂಗ್‌ನವರು ಆಸೆ ಹುಟ್ಟಿಸುತ್ತಾರೆ. ಪೂರ್ತಿ ದಿನ ಓದುವ ಹುಡುಗರಿಗೆ ಅದು ಸರಿ. ಕೆಲಸಕ್ಕೆ ಹೋಗುವವರು ಒಂದೇ ಗ್ರೂಪ್ ಹಿಡಿಯಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ, ಕಾರಣ ವೇಳಾಪಟ್ಟಿಯಲ್ಲೇ ಇದೆ. ಒಂದು ಗ್ರೂಪಿನ ಪೇಪರುಗಳು ದಿನ ಬಿಟ್ಟು ದಿನ ಬರುತ್ತವೆ, ನಡುವಿನ ದಿನಗಳಲ್ಲಿ ಇನ್ನೊಂದು ಗ್ರೂಪಿನವು. ಒಂದೇ ಗ್ರೂಪ್ ಬರೆದರೆ ಪ್ರತಿ ಪೇಪರಿಗೂ ಮುನ್ನ ಒಂದು ಇಡೀ ದಿನ ಕೈಯಲ್ಲಿರುತ್ತದೆ. ಎರಡೂ ಬರೆದರೆ ಎಂಟು ದಿನ ಬೆನ್ನುಬೆನ್ನಿಗೆ ಎಂಟು ಪೇಪರ್. ನಲವತ್ತೈದರ ಮೈಗೆ ಐದನೆಯ ದಿನ ಕೈಯೂ ಓಡದು, ತಲೆಯೂ ಓಡದು.

ಮೊದಲ ಗ್ರೂಪಿನಿಂದಲೇ ಶುರು ಮಾಡಿ. ಅದರಲ್ಲಿ ಮೂರು ಪೇಪರ್ ದಿನದ ಕೆಲಸಕ್ಕೆ ಹತ್ತಿರ.

ಗಂಟೆಗಳ ಲೆಕ್ಕ

ಬಹಳ ವರ್ಷದ ನಂತರ ಓದುವವರು ಹೀಗೆ ಅಂದಾಜು ಹಾಕಿಕೊಳ್ಳಿ: ತೆರಿಗೆಗೆ 100 ಗಂಟೆ, ಕಾಸ್ಟಿಂಗ್‌ಗೆ 90, ಅಕೌಂಟಿಂಗ್‌ಗೆ 80, ಕಾನೂನಿಗೆ 60. ಒಟ್ಟು 330. ವಾರದ ಐದು ದಿನ ಬೆಳಿಗ್ಗೆ ಒಂದೂವರೆ ಗಂಟೆ, ಶನಿವಾರ ಎರಡೂವರೆ, ಭಾನುವಾರ ಐದು, ಸೇರಿ ವಾರಕ್ಕೆ 15. ಅಲ್ಲಿಗೆ 22 ವಾರ. ಪುನರಾವರ್ತನೆಗೆ ಮತ್ತು ಮಾದರಿ ಪರೀಕ್ಷೆಗೆ ಆರು ವಾರ. 28 ವಾರ ಬಂದದ್ದು ಹೀಗೆ.

ರಾತ್ರಿ ಊಟದ ಮೇಲೆ ಓದುತ್ತೇನೆ ಎನ್ನುವುದನ್ನು ನೆಚ್ಚಿಕೊಳ್ಳಬೇಡಿ. ಬೆಳಿಗ್ಗೆ ಐದರಿಂದ ಆರೂವರೆ ಮಾತ್ರ ಯಾರೂ ಕಸಿಯದ ಹೊತ್ತು. ಬೆಳಿಗ್ಗೆ ಲೆಕ್ಕ ಬಿಡಿಸಿ. ಬಸ್ಸಿನಲ್ಲಿ, ಮೆಟ್ರೋದಲ್ಲಿ, ಊಟದ ವಿರಾಮದಲ್ಲಿ ಕಾನೂನಿನ ಸೆಕ್ಷನ್ ನೋಡಿ. ಇದನ್ನು ಅದಲು ಬದಲು ಮಾಡಿದರೆ ಎರಡೂ ಕೆಡುತ್ತವೆ. ಬಸ್ಸಿನಲ್ಲಿ ಕಾಸ್ಟ್ ಶೀಟ್ ಓದಿದರೆ ಅರ್ಥವಾದಂತೆ ಅನಿಸುತ್ತದೆಯೇ ಹೊರತು ಕೈಗೆ ಬರುವುದಿಲ್ಲ. ಪ್ರತಿ ತಿಂಗಳ 11 ಮತ್ತು 20ನೇ ತಾರೀಖಿನ ಜಿಎಸ್‌ಟಿ ರಿಟರ್ನ್ ಹಿಂದಿನ ಎರಡು ದಿನ ಓದೇ ಇಲ್ಲ ಎಂದು ಮೊದಲೇ ಪಟ್ಟಿಯಲ್ಲಿ ಹೊಡೆದು ಹಾಕಿ. ಆಗದ ದಿನವನ್ನು ಆಗುತ್ತದೆ ಎಂದು ಬರೆದಿಟ್ಟು ಕೊನೆಗೆ ಪಟ್ಟಿಯನ್ನೇ ಬಿಸಾಡುವುದಕ್ಕಿಂತ ಇದು ಮೇಲು.

ಹಾಗೆಯೇ ಪುಸ್ತಕ ತೆರೆಯುವ ಮುನ್ನ ಕಣ್ಣು ತೋರಿಸಿ. ನಲವತ್ತು ದಾಟಿದವರಿಗೆ ಚಾಳೀಸು ಬಂದಿರುತ್ತದೆ, ಗೊತ್ತಾಗಿರುವುದಿಲ್ಲ. ಅರ್ಧ ಗಂಟೆಗೆ ತಲೆನೋವು ಬಂದರೆ "ನನಗೆ ಓದು ಹತ್ತುವುದಿಲ್ಲ" ಎಂದುಕೊಳ್ಳುತ್ತಾರೆ. ಬೇಕಾಗಿರುವುದು ಕನ್ನಡಕ.

ಟ್ಯಾಲಿ ಮರೆಯಿರಿ, ಆಫೀಸು ಮರೆಯಿರಿ

ಅನುಭವಸ್ಥರು ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ.

ಟ್ಯಾಲಿಯಲ್ಲಿ ವೋಚರ್ ಹಾಕಿದರೆ ಖಾತೆ, ಟ್ರಯಲ್ ಬ್ಯಾಲೆನ್ಸ್, ಬ್ಯಾಲೆನ್ಸ್ ಶೀಟ್ ತಾನಾಗಿ ಬರುತ್ತವೆ. ಪರೀಕ್ಷೆಯಲ್ಲಿ ಗೆರೆ ಎಳೆದು, ಡೆಬಿಟ್–ಕ್ರೆಡಿಟ್ ಬರೆದು, ಕೆಳಗೆ ವಿವರಣೆ ಬರೆದು, ಖಾತೆಗೆ ಒಯ್ದು, ಬಾಕಿ ಇಳಿಸಬೇಕು. ಮೊದಲ ಎರಡು ವಾರ ದಿನಕ್ಕೆ 30 ಜರ್ನಲ್ ಎಂಟ್ರಿ ಕೈಯಲ್ಲೇ ಬರೆಯಿರಿ. ಇದು ಕೈಗೂ ಅಭ್ಯಾಸ, ತಲೆಗೂ ಅಭ್ಯಾಸ.

ಕಾಸ್ಟಿಂಗ್‌ನಲ್ಲಿ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಒಂದು ವಸ್ತುವಿಗೆ 2 ಕೆ.ಜಿ. ಕಚ್ಚಾ ಮಾಲು, ಕೆ.ಜಿ.ಗೆ 50 ರೂಪಾಯಿ ಎಂಬುದು ಸ್ಟ್ಯಾಂಡರ್ಡ್ (ಮೊದಲೇ ನಿಗದಿ ಮಾಡಿದ ಲೆಕ್ಕ). 1,000 ವಸ್ತು ತಯಾರಾದವು. ನಿಜವಾಗಿ ಬಳಸಿದ್ದು 2,100 ಕೆ.ಜಿ., ಕೊಂಡದ್ದು 48 ರೂಪಾಯಿಯಂತೆ. ಆಫೀಸಿನವರು ಏನು ಮಾಡುತ್ತಾರೆ? ಆಗಬೇಕಿದ್ದ ಖರ್ಚು 1,00,000, ಆದದ್ದು 1,00,800, ಹೆಚ್ಚಾದದ್ದು 800. ಮ್ಯಾನೇಜರಿಗೆ ಅಷ್ಟು ಸಾಕು. ಪರೀಕ್ಷೆಗೆ ಅದು ಉತ್ತರದ ಬಾಲ ಮಾತ್ರ. ಬೆಲೆಯ ವ್ಯತ್ಯಾಸ: ಕೆ.ಜಿ.ಗೆ 2 ರೂಪಾಯಿ ಉಳಿತಾಯ × 2,100 = 4,200, ಅನುಕೂಲ. ಬಳಕೆಯ ವ್ಯತ್ಯಾಸ: 100 ಕೆ.ಜಿ. ಹೆಚ್ಚು × 50 = 5,000, ಪ್ರತಿಕೂಲ. ಎರಡೂ ಸೇರಿ 800 ಪ್ರತಿಕೂಲ, ತಾಳೆಯಾಯಿತು.

ಇಲ್ಲಿ ಕಾಲು ಜಾರುವುದು ಬಳಕೆಯ ಸಾಲಿನಲ್ಲಿ. ಹೆಚ್ಚಾದ 100 ಕೆ.ಜಿ.ಯನ್ನು 48ರಿಂದ ಗುಣಿಸಿ 4,800 ಎಂದು ಬರೆಯುವವರು ಬಹಳ, ಏಕೆಂದರೆ ಸ್ಟೋರ್ಸ್ ಲೆಡ್ಜರಿನಲ್ಲಿ ಅವರು ದಿನವೂ ನೋಡುವ ದರ ಅದು. ಬಳಕೆಯ ಹೊಣೆ ಉತ್ಪಾದನಾ ವಿಭಾಗದ್ದು, ದರದ ಹೊಣೆ ಖರೀದಿ ವಿಭಾಗದ್ದು. ಖರೀದಿಯವರು ಅಗ್ಗಕ್ಕೆ ತಂದದ್ದರ ಲಾಭವನ್ನು ಉತ್ಪಾದನೆಯವರ ತಪ್ಪಿನಿಂದ ಕಳೆಯಬಾರದು ಎಂಬ ಕಾರಣಕ್ಕೆ ಬಳಕೆಗೆ ಸ್ಟ್ಯಾಂಡರ್ಡ್ ದರವೇ. ಕಾರಣ ತಿಳಿದವರಿಗೆ ಸೂತ್ರ ಮರೆಯುವುದಿಲ್ಲ. ಕಾರ್ಖಾನೆ ನೋಡಿದವರಿಗೆ ಇಂಥ ಕಾರಣ ಬೇಗ ಹೊಳೆಯುತ್ತದೆ, ಹುಡುಗರಿಗಿಂತ ನೀವು ಮುಂದಿರುವ ಜಾಗ ಇದು.

ಕಾಸ್ಟ್ ಶೀಟಿನಲ್ಲೂ ಹೀಗೆಯೇ: ಅರೆ ತಯಾರಾದ ಮಾಲಿನ ಆರಂಭ–ಅಂತ್ಯ ಹೊಂದಾಣಿಕೆ ವರ್ಕ್ಸ್ ಕಾಸ್ಟಿಗೆ (ಕಾರ್ಖಾನೆಯ ವೆಚ್ಚಕ್ಕೆ) ಮೊದಲು, ತಯಾರಾದ ಮಾಲಿನದು ಉತ್ಪಾದನಾ ವೆಚ್ಚದ ನಂತರ. ಸ್ಥಾನ ತಪ್ಪಿದರೆ ಕೆಳಗಿನ ಸಾಲುಗಳೆಲ್ಲ ತಪ್ಪುತ್ತವೆ.

ತೆರಿಗೆಯಲ್ಲಿ ಅಪಾಯ ಇನ್ನೂ ಹೆಚ್ಚು. ನೀವು ಆಫೀಸಿನಲ್ಲಿ ಬಳಸುವುದು ಇವತ್ತಿನ ಕಾನೂನು, ಪರೀಕ್ಷೆಗೆ ಅನ್ವಯಿಸುವುದು ಸಂಸ್ಥೆ ಆ ಅಟೆಂಪ್ಟಿಗೆಂದು ಪ್ರಕಟಿಸಿದ ಕಾನೂನು. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದಿದೆ. ಸೆಕ್ಷನ್ ಸಂಖ್ಯೆಗಳೇ ಬದಲಾಗಿವೆ, ಅಸೆಸ್‌ಮೆಂಟ್ ವರ್ಷ ಹೋಗಿ ಟ್ಯಾಕ್ಸ್ ಇಯರ್ ಬಂದಿದೆ. ಜಿಎಸ್‌ಟಿಯಲ್ಲಿ 2025ರ ಸೆಪ್ಟೆಂಬರ್ 22ರಿಂದ ಬಹುತೇಕ ಸರಕುಗಳಿಗೆ 12 ಮತ್ತು 28ರ ದರ ಹೋಗಿ 5, 18, 40 ಉಳಿದಿವೆ. ಆದ್ದರಿಂದ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಅರ್ಧ ಬೆಲೆಗೆ ಸಿಗುತ್ತದೆಂದು ಹಳೆಯ ತೆರಿಗೆ ಪುಸ್ತಕ ಕೊಳ್ಳಬೇಡಿ. ಕಾಸ್ಟಿಂಗ್ ಪುಸ್ತಕ ಹಳೆಯದಾದರೂ ನಡೆಯುತ್ತದೆ. ತೆರಿಗೆಯದು ಒಂದು ವರ್ಷ ಹಳೆಯದಾದರೂ ಆಗದು. ಅನ್ವಯಿಸುವ ಕಾಯ್ದೆಯ ಪ್ರಕಟಣೆಯನ್ನು ಮುದ್ರಿಸಿ ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ

ಉತ್ತರ ಬರೆಯಲು ಇರುವ ಭಾಷೆ ಇಂಗ್ಲಿಷ್ ಅಥವಾ ಹಿಂದಿ. ಕನ್ನಡ ಇಲ್ಲ. ಸೊಸೈಟಿಯಲ್ಲಿ, ಮಂಡಿಯಲ್ಲಿ, ಪಂಚಾಯಿತಿಯಲ್ಲಿ ಲೆಕ್ಕ ಬರೆದವರಿಗೆ ವಿಷಯ ಗೊತ್ತು, ಹೆಸರು ಗೊತ್ತಿಲ್ಲ. ಅವರಿಗೆ ಒಂದು ಸಣ್ಣ ಪುಸ್ತಕ ಬೇಕು: ಎಡಕ್ಕೆ ಸವಕಳಿ, ಬಲಕ್ಕೆ ಡೆಪ್ರಿಸಿಯೇಶನ್, ಎಡಕ್ಕೆ ಅಢಾವೆ ಪತ್ರಿಕೆ, ಬಲಕ್ಕೆ ಬ್ಯಾಲೆನ್ಸ್ ಶೀಟ್, ಎಡಕ್ಕೆ ಆಪದ್ಧನ ನಿಧಿ, ಬಲಕ್ಕೆ ರಿಸರ್ವ್ ಫಂಡ್. ಬಲಗಡೆಯ ಪದವನ್ನು ಇಂಗ್ಲಿಷ್ ಕಾಗುಣಿತದಲ್ಲೇ ಬರೆಯಿರಿ. ಇನ್ನೂರು ಪದ ತುಂಬುವಷ್ಟರಲ್ಲಿ ಪ್ರಶ್ನೆಪತ್ರಿಕೆಯ ಭಯ ಅರ್ಧ ಇಳಿಯುತ್ತದೆ.

ಲೆಕ್ಕದ ಪೇಪರುಗಳಲ್ಲಿ ಭಾಷೆ ಅಷ್ಟಾಗಿ ಅಡ್ಡ ಬರುವುದಿಲ್ಲ. ಕಷ್ಟ ಇರುವುದು ಕಾನೂನಿನಲ್ಲಿ. ಅಲ್ಲಿ ಉದ್ದುದ್ದ ವಾಕ್ಯ ಬೇಡ. ನಾಲ್ಕು ಭಾಗದ ಅಚ್ಚು ಒಂದನ್ನು ಹಿಡಿದುಕೊಳ್ಳಿ. ಕಾನೂನು ಏನು ಹೇಳುತ್ತದೆ, ಇಲ್ಲಿ ನಡೆದದ್ದೇನು, ಕಾನೂನು ಇದಕ್ಕೆ ಹೇಗೆ ತಾಗುತ್ತದೆ, ಹಾಗಾಗಿ ತೀರ್ಮಾನ ಏನು. ಹದಿನೇಳು ವರ್ಷದ ಹುಡುಗ ಮನೆ ಅಡವಿಟ್ಟು ಸಾಲ ಪಡೆದ, ಈಗ ಕರಾರು ಒಪ್ಪುವುದಿಲ್ಲ ಎನ್ನುತ್ತಾನೆ ಎಂದು ಪ್ರಶ್ನೆ ಬಂತೆನ್ನಿ. ಮೊದಲ ಭಾಗ: 1872ರ ಕರಾರು ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪ್ರಾಪ್ತ ವಯಸ್ಕರು ಕರಾರು ಮಾಡಲು ಅರ್ಹರಲ್ಲ. ಎರಡನೆಯದು: ಇಲ್ಲಿ ಸಾಲಗಾರನಿಗೆ ಹದಿನೇಳು. ಮೂರನೆಯದು: ಮೊಹೊರಿ ಬೀಬಿ ಮೊಕದ್ದಮೆಯಲ್ಲಿ (1903) ಅಪ್ರಾಪ್ತರ ಒಪ್ಪಂದ ಮೊದಲಿನಿಂದಲೇ ಅಸಿಂಧು ಎಂದು ತೀರ್ಮಾನವಾಗಿದೆ, ಇದಕ್ಕೂ ಅದೇ ಅನ್ವಯ. ನಾಲ್ಕನೆಯದು: ಕರಾರಿನ ಬಲದ ಮೇಲೆ ಸಾಲ ಕೊಟ್ಟವನು ವಸೂಲಿ ಮಾಡಲಾರ. ಒಂದೊಂದಕ್ಕೆ ಒಂದೆರಡು ಸರಳ ಇಂಗ್ಲಿಷ್ ವಾಕ್ಯ ಸಾಕು. ಸೆಕ್ಷನ್ ಸಂಖ್ಯೆ ಖಚಿತವಿಲ್ಲದಿದ್ದರೆ ಕಾಯ್ದೆಯ ಹೆಸರಷ್ಟೇ ಬರೆಯಿರಿ. ತಪ್ಪು ಸಂಖ್ಯೆ ಬರೆಯುವುದಕ್ಕಿಂತ ಅದು ಲೇಸು.

ಮೂರು ಗಂಟೆಯ ಹಂಚಿಕೆ

ಪ್ರತಿ ಪೇಪರಿನಲ್ಲಿ ಮೊದಲ ಭಾಗ ಕಡ್ಡಾಯ: ಸರಿ ಉತ್ತರ ಆರಿಸುವ 15 ಪ್ರಶ್ನೆ, ಒಂದಕ್ಕೆ 2 ಅಂಕ, ಒಟ್ಟು 30. ಎರಡನೇ ಭಾಗದಲ್ಲಿ ಏಳರಲ್ಲಿ ಐದು, ಒಂದಕ್ಕೆ 14, ಒಟ್ಟು 70. 180 ನಿಮಿಷ, 100 ಅಂಕ ಎಂದರೆ ಅಂಕಕ್ಕೆ 1.8 ನಿಮಿಷ. ಹದಿನಾಲ್ಕರ ಪ್ರಶ್ನೆಗೆ 25 ನಿಮಿಷ, ಐದಕ್ಕೆ 125. ಮೊದಲ ಭಾಗವನ್ನು 40 ನಿಮಿಷದಲ್ಲಿ ಮುಗಿಸಿದರೆ 15 ನಿಮಿಷ ಉಳಿಯುತ್ತದೆ. ಆಯ್ಕೆಯ ಅಕ್ಷರ ಬರೆದರೆ ಸಾಕಾಗುವಲ್ಲಿ ಇಡೀ ವಾಕ್ಯ ನಕಲು ಮಾಡಿ ಹೊತ್ತು ಕಳೆಯಬೇಡಿ.

ಅನುಭವಸ್ಥರ ಇನ್ನೊಂದು ಚಟ: ಬ್ಯಾಲೆನ್ಸ್ ಶೀಟ್ ಹೊಂದದಿದ್ದರೆ ಬಿಡಲಾರರು. ಆಫೀಸಿನಲ್ಲಿ ಅದು ಗುಣ. ಇಲ್ಲಿ 25 ನಿಮಿಷ ಆಯಿತೆಂದರೆ ವ್ಯತ್ಯಾಸವನ್ನು ಹಾಗೇ ಬಿಟ್ಟು ಮುಂದಿನ ಪ್ರಶ್ನೆಗೆ ಹೋಗಬೇಕು. ಹಂತಗಳಿಗೆ ಅಂಕ ಸಿಕ್ಕಿಯೇ ಇರುತ್ತದೆ. ಹೊಂದಿಸಲು ಹೋಗಿ ಹದಿನಾಲ್ಕು ಅಂಕದ ಪ್ರಶ್ನೆ ಮುಟ್ಟದೆ ಬಂದರೆ ಆ ಅಂಕ ಎಲ್ಲಿಂದಲೂ ಬರುವುದಿಲ್ಲ. ಅಂಕ ಹುಟ್ಟುವುದು ವರ್ಕಿಂಗ್ ನೋಟಿನಲ್ಲಿ: ಪ್ರತಿ ಉತ್ತರದ ಕೆಳಗೆ ಸಂಖ್ಯೆ ಕೊಟ್ಟು ಬರೆಯಿರಿ, ಪುಟದ ಮೂಲೆಯಲ್ಲಿ ಗೀಚಿ ಹೊಡೆದು ಹಾಕಬೇಡಿ.

ಕ್ಯಾಲ್ಕುಲೇಟರ್ 12 ಅಂಕಿಯ ಸಾಮಾನ್ಯದ್ದು, ಸೈಂಟಿಫಿಕ್ ಬೇಡ. ಅದರ ಜಿಟಿ (ಬಂದ ಉತ್ತರಗಳನ್ನೆಲ್ಲ ಕೂಡಿ ತೋರಿಸುವ) ಬಟನ್ ಕಲಿತುಕೊಳ್ಳಿ, ಎರಡನೇ ಗ್ರೂಪಿನ ಫೈನಾನ್ಸ್ ಪೇಪರಿನಲ್ಲಿ ಬಹಳ ಕೆಲಸಕ್ಕೆ ಬರುತ್ತದೆ. ಶೇ. 12ರ ದರದಲ್ಲಿ ಮೂರು ವರ್ಷದ ವರ್ತಮಾನ ಮೌಲ್ಯ ಬೇಕೆಂದರೆ 1 ಭಾಗಿಸು 1.12 ಒತ್ತಿ, ಸಮ ಚಿಹ್ನೆಯನ್ನು ಮೂರು ಸಲ ಒತ್ತಿ: 0.8929, 0.7972, 0.7118 ಒಂದರ ಹಿಂದೆ ಒಂದು ಬರುತ್ತವೆ. ಜಿಟಿ ಒತ್ತಿದರೆ ಮೊತ್ತ 2.4018. ಕೆಲವು ಮಾದರಿಗಳಲ್ಲಿ ಭಾಗಾಕಾರದ ಚಿಹ್ನೆಯನ್ನು ಎರಡು ಸಲ ಒತ್ತಬೇಕು. ಅಂಗಡಿಯಲ್ಲೇ ಒತ್ತಿ ನೋಡಿ ಕೊಳ್ಳಿ. ಅಭ್ಯಾಸ ಮಾಡಿದ್ದನ್ನೇ ಪರೀಕ್ಷೆಗೂ ಒಯ್ಯಿರಿ.

ಕೊನೆಯ ಆರು ವಾರ

ಒಂದು ಪೇಪರಿಗೆ ನಡುವೆ ಸಿಗುವುದು ಒಂದೇ ದಿನ ಎಂದೆವಲ್ಲ, ನಿಮ್ಮ ಟಿಪ್ಪಣಿ ಆ ಒಂದು ದಿನಕ್ಕಾಗಿ ತಯಾರಾಗಬೇಕು. ಎಂಟು ಗಂಟೆಯಲ್ಲಿ ಓದಿ ಮುಗಿಯುವಷ್ಟು, ಹೆಚ್ಚೆಂದರೆ 40 ಪುಟ. ಅದರಲ್ಲಿ ಇರಬೇಕಾದ್ದು ನಮೂನೆಗಳು, ಸೂತ್ರಗಳು, ತೆರಿಗೆಯ ದರ ಮತ್ತು ಮಿತಿಗಳು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ನೀವು ಮಾದರಿ ಪರೀಕ್ಷೆಯಲ್ಲಿ ಮಾಡಿದ ತಪ್ಪುಗಳು. ಚೆನ್ನಾಗಿ ಬರುವುದನ್ನು ಬರೆದು ಪುಟ ತುಂಬಿಸಬೇಡಿ.

ಸಂಸ್ಥೆಯ ವೆಬ್‌ಸೈಟಿನಲ್ಲಿ ಮಾದರಿ ಪ್ರಶ್ನೆಪತ್ರಿಕೆ, ಹಿಂದಿನ ಪತ್ರಿಕೆ, ಸೂಚಿತ ಉತ್ತರ ಎಲ್ಲ ಸಿಗುತ್ತವೆ. ಆರು ಭಾನುವಾರ ಆರು ಪತ್ರಿಕೆ, ಪ್ರತಿ ಪೇಪರಿಗೆ ಒಂದಾದರೂ ಬರುವಂತೆ, ಗಡಿಯಾರ ಇಟ್ಟು, ಗೆರೆಯ ಹಾಳೆಯಲ್ಲಿ, ನಡುವೆ ಏಳದೆ ಬರೆಯಿರಿ. ಮೊದಲ ಭಾನುವಾರ ಎರಡನೇ ಗಂಟೆಗೇ ಬೆರಳು ಮರಗಟ್ಟುತ್ತವೆ, ಅಕ್ಷರ ಕಾಗೆ ಕಾಲಾಗುತ್ತದೆ. ನಾಲ್ಕನೆಯದಕ್ಕೆ ಕೈ ಪಳಗಿರುತ್ತದೆ. ಒತ್ತಿ ಬರೆಯಬೇಕಾದ ಪೆನ್ನು ಬಿಟ್ಟು ಸಲೀಸಾಗಿ ಜಾರುವ ಪೆನ್ನು ಹಿಡಿಯಿರಿ, ಒಂದೇ ಬಗೆಯವು ಐದು ಕೊಂಡಿಡಿ. ಬರೆದದ್ದನ್ನು ಸೂಚಿತ ಉತ್ತರದ ಜೊತೆ ಇಟ್ಟು ಅಂಕ ಹಾಕುವಾಗ ಕೈ ಬಿಗಿ ಹಿಡಿಯಿರಿ. 55ಕ್ಕಿಂತ ಕಡಿಮೆ ಬಂದ ಪೇಪರಿಗೆ ಮುಂದಿನ ವಾರದ ಅರ್ಧ ಸಮಯ.

ಪರೀಕ್ಷೆಗೆ ಒಂದು ವಾರದ ರಜೆ ಸಾಲದು. ನಾಲ್ಕು ಪೇಪರಿಗೆ ಏಳು ದಿನ ಬೇಕು, ಅದಕ್ಕೆ ಮುನ್ನ ಐದು ದಿನ ಸೇರಿಸಿ 12 ದಿನ ಕೇಳಿ. ಬೇರೆ ಊರಿನಲ್ಲಿ ಕೇಂದ್ರವಿದ್ದರೆ ಹಿಂದಿನ ದಿನವೇ ಹೋಗಿ ಜಾಗ ನೋಡಿಕೊಂಡು ಬನ್ನಿ. ಬಿಡಿ ಕನ್ನಡಕ ಒಂದು ಚೀಲದಲ್ಲಿರಲಿ.

ಫಲಿತಾಂಶ ಬಂದ ಮೇಲೆ

ಎಲ್ಲ ಪೇಪರಿನಲ್ಲೂ 40 ದಾಟಿ ಒಟ್ಟು 200 ಮುಟ್ಟದೆ ಗ್ರೂಪ್ ಹೋಗುವುದೇ ಹೆಚ್ಚು. 44, 52, 41, 48 ಬಂದರೆ ಮೊತ್ತ 185. ನಾಲ್ಕರಲ್ಲೂ ಪಾಸಾದಂತಿದ್ದರೂ ನಪಾಸು. ಹೀಗಾದವರು ಎಲ್ಲ ಪೇಪರನ್ನೂ ಸಮನಾಗಿ ಮತ್ತೆ ಓದುವುದು ದಂಡ. ಕಾನೂನು 41ರಿಂದ 60ಕ್ಕೆ ಏರುವುದು ಕಷ್ಟ, ಕಾಸ್ಟಿಂಗ್ 52ರಿಂದ 70ಕ್ಕೆ ಏರುವುದು ಸುಲಭ. ಕೊರತೆ ತುಂಬುವುದು ಲೆಕ್ಕದ ಪೇಪರಿನಿಂದಲೇ. ಒಂದು ಪೇಪರಿನಲ್ಲಿ 60 ಬಂದಿದ್ದರೆ ಮುಂದಿನ ಸಲ ಅದಕ್ಕೆ ವಿನಾಯಿತಿ ಇದೆ. ಅಂಕದಲ್ಲಿ ಅನುಮಾನವಿದ್ದರೆ ಅಂಕ ಪರಿಶೀಲನೆಗೆ ಅರ್ಜಿ ಹಾಕಬಹುದು, ಆದರೆ ಅದು ಮೊತ್ತ ಸರಿಯಿದೆಯೇ, ಉತ್ತರ ಬಿಟ್ಟುಹೋಗಿದೆಯೇ ಎಂದು ನೋಡುವುದಷ್ಟೇ, ಮರುಮೌಲ್ಯಮಾಪನವಲ್ಲ.

ಗ್ರೂಪ್ ಪಾಸಾದವರು ಸಿಹಿ ಹಂಚಿದ ವಾರವೇ ಒಂದು ಕೆಲಸ ಮಾಡಿ. ಈಗಿನ ಮತ್ತು ಹಿಂದಿನ ಕಂಪನಿಗಳಿಂದ ಅನುಭವ ಪತ್ರ ತೆಗೆದುಕೊಳ್ಳಿ: ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಮಾಡಿದ ಕೆಲಸದ ವಿವರ, ಲೆಟರ್‌ಹೆಡ್, ಮೊಹರು. "ಅಕೌಂಟ್ಸ್ ನೋಡುತ್ತಿದ್ದರು" ಎಂಬ ಒಂದು ಸಾಲು ಸಾಲದು. ಕಾಸ್ಟಿಂಗ್, ಬಜೆಟ್, ಸ್ಟಾಕ್ ಮೌಲ್ಯಮಾಪನ, ತೆರಿಗೆ ಎಂದು ಬಿಡಿಬಿಡಿಯಾಗಿ ಬರೆಸಿ. ಹತ್ತು ವರ್ಷದ ಹಿಂದಿನ ಕಂಪನಿ ಕೈ ಬದಲಾಗಿರುತ್ತದೆ, ಹೆಸರು ಬದಲಾಗಿರುತ್ತದೆ, ನಿಮ್ಮನ್ನು ಬಲ್ಲ ಮ್ಯಾನೇಜರ್ ನಿವೃತ್ತಿಯ ಅಂಚಿನಲ್ಲಿರುತ್ತಾರೆ. ಅವರು ಕುರ್ಚಿಯಲ್ಲಿ ಇರುವಾಗಲೇ ಸಹಿ ಮಾಡಿಸಿಕೊಳ್ಳಿ.